ಜೂನ್ 1ರಿಂದ ದಟ್ಟ ರೋಮದ ನಾಯಿಗಳಿಗೆ ಮೆಷಿನ್ ಹಾಕುವುದಿಲ್ಲ

ಬದಿಯಡ್ಕ
ಮೇ 20

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಸುತ್ತುಬಳಸದೆ ವಿಷಯಕ್ಕೆ ಬರುತ್ತೇವೆ. ಬರುವ ಜೂನ್ 1ರಿಂದ, ನಾಯಿಗಳಿಗೆ ಸ್ನಾನ ಮಾಡಿಸಿ ರೋಮ ಕತ್ತರಿಸುವ ನಮ್ಮ ಅಂಗಡಿಯಲ್ಲಿ ಪೊಮೇರಿಯನ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಹಸ್ಕಿ ನಾಯಿಗಳಿಗೆ ಮೆಷಿನ್ ಹಾಕಿ ಮೈ ಬೋಳಿಸುವುದಿಲ್ಲ. ಬದಲಿಗೆ ಮೇಲಿನ ಉದ್ದ ರೋಮದ ಅಡಿಯಲ್ಲಿರುವ ಸತ್ತ ಒಳರೋಮವನ್ನು ಬಾಚಿ ತೆಗೆದು, ಸ್ನಾನ ಮಾಡಿಸಿ, ಬ್ಲೋವರಿನಲ್ಲಿ ಬುಡದವರೆಗೆ ಒಣಗಿಸಿ ಕೊಡುತ್ತೇವೆ. ಒಂದು ನಾಯಿಗೆ ಎರಡು ಗಂಟೆ ಹಿಡಿಯುವ ಕೆಲಸ ಇದು. ಹಾಗಾಗಿ ದಿನಕ್ಕೆ ಐದು ನಾಯಿ ಮಾತ್ರ, ಅದೂ ಮೊದಲೇ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಂಡವರಿಗೆ. 600 ರೂಪಾಯಿ ಇದ್ದ ದರ 750 ಆಗುತ್ತದೆ.

"ಮಾರಾಯ್ರೆ, ಮನೆಯಿಡೀ ಕೂದಲು, ಒಮ್ಮೆ ಮೆಷಿನ್ ಹಾಕಿ ಬಿಡಿ" ಎಂದು ಏಪ್ರಿಲ್ ತಿಂಗಳಲ್ಲಿ ಹೇಳದವರಿಲ್ಲ. ನಾವೂ ಇಷ್ಟು ವರ್ಷ ಹಾಕಿ ಕೊಟ್ಟಿದ್ದೇವೆ. ಕಳೆದ ವರ್ಷದ ಬೇಸಿಗೆಯಲ್ಲಿ ನೀರ್ಚಾಲು ಕಡೆಯಿಂದ ಬಂದ ಒಂದು ಬಿಳಿ ಪೊಮೇರಿಯನ್‌ಗೂ ಹಾಗೆಯೇ ಮಾಡಿದೆವು. ಹೊಟ್ಟೆ, ಕಾಲುಗಳಲ್ಲಿ ರೋಮ ಬಂತು. ಬೆನ್ನಿನ ಮೇಲೆ ಅಂಗೈಯಗಲದ ಎರಡು ಕಡೆ ಇವತ್ತಿಗೂ ಬಂದಿಲ್ಲ. ಆ ಮನೆಯ ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿ ಅನಿಸಿತು. ಪಶುವೈದ್ಯರಲ್ಲಿ ವಿಚಾರಿಸಿದಾಗ, ಪೊಮೇರಿಯನ್, ಹಸ್ಕಿಯಂಥ ಜಾತಿಗಳಲ್ಲಿ ಇದು ಹೊಸತೇನಲ್ಲ ಎಂದರು. ಈ ನಾಯಿಗಳ ರೋಮ ಬಹುಕಾಲ ಬೆಳೆಯದೆ ಸುಮ್ಮನೆ ಬುಡದಲ್ಲಿ ಕೂತಿರುತ್ತದಂತೆ. ಆ ಹೊತ್ತಿಗೆ ಬೋಳಿಸಿದರೆ ಮತ್ತೆ ಚಿಗುರಲು ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷ ದಾಟಿಯೂ ಬೇಕು.

ಬೋಳಿಸಿದರೆ ಸೆಕೆ ಕಡಿಮೆಯಾಗುತ್ತದೆ ಎಂಬುದು ನಮ್ಮ ಮೈಯ ಲೆಕ್ಕಾಚಾರ. ನಾವು ಮೈಯಿಡೀ ಬೆವರುತ್ತೇವೆ. ನಾಯಿ ಬೆವರುವುದು ಹೆಚ್ಚಾಗಿ ಪಾದದಡಿಯಲ್ಲಿ. ಅದು ತಣಿಯುವುದು ನಾಲಿಗೆ ಚಾಚಿ ತೇಕುವುದರಿಂದ. ಮೇಲಿನ ಉದ್ದ ರೋಮ ಬಿಸಿಲಿಗೂ ಮಳೆಗೂ ಸೋಗೆಯ ಮಾಡಿನಂತೆ. ಅದನ್ನು ತೆಗೆದರೆ ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ, ಬಿಳಿ ನಾಯಿಗಳ ಚರ್ಮವಂತೂ ಬೇಗ ಸುಡುತ್ತದೆ. ಸೆಕೆ ಹೆಚ್ಚಿಸುವುದು ಅಡಿಯಲ್ಲಿ ಹತ್ತಿಯ ಹಾಗೆ ಒತ್ತಿಕೊಂಡ ಸತ್ತ ಒಳರೋಮ. ಅದನ್ನು ಬಾಚಿ ತೆಗೆದರೆ ಗಾಳಿಯಾಡುತ್ತದೆ. ಇನ್ನು, ಬೋಳಿಸಿದ ನಾಯಿಯ ಕೂದಲು ಉದುರುವುದೇನೂ ನಿಲ್ಲುವುದಿಲ್ಲ. ಗಿಡ್ಡ ಕೂದಲು ಉದುರುತ್ತದೆ, ಅಷ್ಟೇ. ಅದು ಸೋಫಾ ಬಟ್ಟೆಗೆ ಸೂಜಿಯ ಹಾಗೆ ಚುಚ್ಚಿಕೊಂಡರೆ ಗುಡಿಸಿದರೂ ಬಾರದು.

ವರ್ಷವಿಡೀ ಯಾಕೆ ಉದುರುತ್ತದೆ ಎಂದು ಕೇಳುವವರಿಗೆ ಎರಡು ಮಾತು. ರೋಮ ಬದಲಿಸುವ ಸಮಯ ನಾಯಿಯ ಮೈಗೆ ತಿಳಿಯುವುದು ಮುಖ್ಯವಾಗಿ ಹಗಲಿನ ಉದ್ದದಿಂದ. ಗೋಲ್ಡನ್ ರಿಟ್ರೀವರ್ ರೂಪುಗೊಂಡ ಸ್ಕಾಟ್ಲೆಂಡಿನಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಹತ್ತು ಗಂಟೆಗಿಂತ ಹೆಚ್ಚು ಅಂತರ. ನಮ್ಮ ಕಾಸರಗೋಡಿನಲ್ಲಿ ಅದು ಸುಮಾರು ಒಂದೂವರೆ ಗಂಟೆ. ಅದರ ಮೇಲೆ ರಾತ್ರಿ ಹನ್ನೊಂದರವರೆಗೆ ಚಾವಡಿಯಲ್ಲಿ ಟ್ಯೂಬ್‌ಲೈಟ್. ಪಾಪ, ಅದಕ್ಕೆ ಕಾಲ ತಿಳಿಯುವುದು ಹೇಗೆ? ಒಮ್ಮೆಗೇ ಉದುರಿಸಿ ಮುಗಿಸುವ ಬದಲು ದಿನಾ ಸ್ವಲ್ಪ ಸ್ವಲ್ಪ ಉದುರಿಸುತ್ತಾ ಇರುತ್ತದೆ.

ಎರಡನೆಯ ಬದಲಾವಣೆ ಕೆಲವರಿಗೆ ಬೇಸರ ತರಬಹುದು. ಮೈಯಲ್ಲಿ ಅಲ್ಲಲ್ಲಿ ಬೋಳು ಇರುವ, ಕೆಂಪಾಗಿ ಕೆರೆದುಕೊಳ್ಳುವ ನಾಯಿಯನ್ನು ವೈದ್ಯರಿಗೆ ತೋರಿಸುವ ಮೊದಲು ನಾವು ಮುಟ್ಟುವುದಿಲ್ಲ. ಹುಳುಕಡ್ಡಿಯಾಗಿದ್ದರೆ ನಮ್ಮ ಬಾಚಣಿಗೆಯಿಂದ ಮುಂದಿನ ನಾಯಿಗೂ, ನಾಯಿಯಿಂದ ನಿಮ್ಮ ಮಕ್ಕಳಿಗೂ ಹರಡುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ರೋಮವನ್ನು ಬೆರಳಿನಿಂದ ಬೈತಲೆ ತೆಗೆದ ಹಾಗೆ ಬಿಡಿಸಿ ನೋಡಿ. ಹಿಡಿ ತುಂಬ ಕೂದಲು ಕೈಗೆ ಬಂದರೂ ಮೈಯ ಮೇಲೆ ಬೋಳು ಕಾಣದಿದ್ದರೆ, ಚರ್ಮ ಶುದ್ಧವಾಗಿದ್ದರೆ, ಅದು ಬರೇ ಉದುರುವಿಕೆ. ಉಣುಗು, ಚಿಗಟದ ಕರಿ ಹುಡಿ, ಹೊಟ್ಟು, ಕಜ್ಜಿ, ಜಿಡ್ಡಿನ ವಾಸನೆ ಕಂಡರೆ ಬೇರೆ ಮಾತು. ಉಣುಗನ್ನು ನಮ್ಮೂರಿನಲ್ಲಿ ಹಗುರವಾಗಿ ಕಾಣುತ್ತಾರೆ. ಅದು ನಾಯಿಗೆ ಪ್ರಾಣ ತೆಗೆಯುವ ಜ್ವರವನ್ನೂ ತರುತ್ತದೆ. ತುರಿಕೆಯೇ ಇಲ್ಲದೆ ಎರಡೂ ಪಕ್ಕೆಗಳಲ್ಲಿ ಸಮನಾಗಿ ರೋಮ ತೆಳುವಾಗಿ, ಬಾಲ ಬೋಳಾಗಿ, ಮೊದಲಿನಷ್ಟೇ ತಿಂದರೂ ದಪ್ಪಗಾಗಿ, ಮೂಲೆ ಹಿಡಿದು ಮಲಗುವ ನಡುವಯಸ್ಸಿನ ನಾಯಿಗೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಮರಿ ಹಾಕಿ ಒಂದೆರಡು ತಿಂಗಳಾದ ತಾಯಿ ಬಡಕಲಾಗಿ ಉದುರಿಸುವುದಕ್ಕೆ ಮಾತ್ರ ಹೆದರಬೇಡಿ. ಚೆನ್ನಾಗಿ ತಿನ್ನಿಸಿ, ಬರುತ್ತದೆ.

ತಿನ್ನಿಸುವ ಮಾತು ಬಂತಲ್ಲ. ನಮ್ಮ ತೋಟದ ಮನೆಗಳ ನಾಯಿಗಳು ಹೆಚ್ಚಿನವು ಅನ್ನ ಮಜ್ಜಿಗೆಯಲ್ಲಿ ಬೆಳೆದವು. ಕೂದಲೆಂದರೆ ಬಹುಪಾಲು ಪ್ರೋಟೀನ್; ಗಂಜಿ ತಿಳಿಯಲ್ಲಿ ಅದು ಎಲ್ಲಿಂದ ಬರಬೇಕು? ಮೀನು ತಿನ್ನುವ ಮನೆಯವರು ಉಪ್ಪು ಖಾರ ಹಾಕದೆ ಬೇಯಿಸಿದ ಬೂತಾಯಿ ಕೊಡಿ, ಅದರ ಎಣ್ಣೆ ಚರ್ಮಕ್ಕೆ ಬಹಳ ಒಳ್ಳೆಯದು. ಮೀನು ಆಗದ ಮನೆಗಳಲ್ಲಿ ಅಂಗಡಿಯ ನಾಯಿ ಆಹಾರ ಬೆರೆಸಿ. ಫಲ ಕಾಣಲು ಒಂದೂವರೆ ಎರಡು ತಿಂಗಳು ಬೇಕು. ನಿನ್ನೆ ಕೊಟ್ಟು ಇವತ್ತು ನಮಗೆ ಫೋನ್ ಮಾಡಬೇಡಿ! ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾಂಬಾರು ಸುರಿಯಬೇಡಿ, ಅವು ನಾಯಿಯ ರಕ್ತ ಕೆಡಿಸುತ್ತವೆ.

ಮಳೆಗಾಲ ಹತ್ತಿರ ಬಂತು. ಒಳರೋಮ ಒದ್ದೆಯಾಗಿಯೇ ಉಳಿದರೆ ನಾಯಿ ನಾರುತ್ತದೆ, ಚರ್ಮಕ್ಕೆ ಸೋಂಕೂ ತಗಲಬಹುದು. ಅಂಗಳದಿಂದ ಬಂದ ಕೂಡಲೇ ಹಳೆ ಬೈರಾಸಿನಲ್ಲಿ ಉಜ್ಜಿ, ಜಗಲಿಯ ಫ್ಯಾನಿನಡಿ ಕೂರಿಸಿ. ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು, ಅದೂ ನಾಯಿಯ ಶಾಂಪೂವಿನಲ್ಲಿ. ನಮ್ಮ ಶಾಂಪೂ ಅದರ ಚರ್ಮಕ್ಕೆ ಹೊಂದುವುದಿಲ್ಲ. ಸ್ನಾನಕ್ಕೆ ಮೊದಲು ಬಾಚಲೇಬೇಕು, ಗಂಟು ನೆನೆದರೆ ಇನ್ನೂ ಬಿಗಿಯಾಗುತ್ತದೆ. ತೆಂಗಿನೆಣ್ಣೆ ಹಚ್ಚಿ ಕರೆತರುವವರಿಗೆ ಒಂದು ಬೇಡಿಕೆ: ದಯವಿಟ್ಟು ಬೇಡ. ಧೂಳು ಹಿಡಿದು ಅಂಟಾದ ಆ ರೋಮವನ್ನು ಬಿಡಿಸಲಿಕ್ಕೆ ನಮಗೆ ಇನ್ನೊಂದು ಗಂಟೆ ಬೇಕಾಗುತ್ತದೆ.

ಶಿಟ್ಜು, ಲಾಸಾ, ಪೂಡಲ್‌ಗಳಿಗೆ ಕತ್ತರಿ, ಮೆಷಿನ್ ಎಂದಿನಂತೆ ಇದೆ. ಅವುಗಳ ರೋಮ ನಮ್ಮ ತಲೆಕೂದಲಿನ ಹಾಗೆ ಬೆಳೆಯುತ್ತಲೇ ಇರುವ ಕಾರಣ ಕತ್ತರಿಸದೆ ಗತಿಯಿಲ್ಲ. ಗಾಯಕ್ಕೋ ಬಿಡಿಸಲಾಗದ ಗಂಟಿಗೋ ವೈದ್ಯರು ಬೋಳಿಸಲು ಹೇಳಿದ್ದರೆ ಅದನ್ನೂ ಮಾಡುತ್ತೇವೆ. ಊರ ನಾಯಿಗಳಿಗೆ ರಬ್ಬರ್ ಬ್ರಷ್ ಸಾಕು. ಅವುಗಳ ದರ ಹಳೆಯದೇ, 300 ರೂಪಾಯಿ.

ವಾರಕ್ಕೆ ಮೂರು ಸಲ ಹತ್ತು ನಿಮಿಷ ನೀವೇ ಬಾಚಿದರೆ ಇಲ್ಲಿಗೆ ಬರುವ ಖರ್ಚು ಅರ್ಧವಾದೀತು. ನಮ್ಮ ವ್ಯಾಪಾರಕ್ಕೆ ಕಲ್ಲು ಹಾಕಿಕೊಳ್ಳುವ ಮಾತು, ಆದರೂ ಹೇಳುತ್ತಿದ್ದೇವೆ. ಬಾಚುವ ಕ್ರಮವನ್ನು ಮೊದಲ ಭೇಟಿಯಲ್ಲಿ ತೋರಿಸಿಕೊಡುತ್ತೇವೆ, ಅದಕ್ಕೆ ಬೇರೆ ಹಣವಿಲ್ಲ. ನೀರ್ಚಾಲಿನ ಆ ಪೊಮೇರಿಯನ್‌ನ ಬೆನ್ನು ತುಂಬುವವರೆಗೆ ಅದರ ಸ್ನಾನ, ಬಾಚುವಿಕೆ ನಮ್ಮ ಲೆಕ್ಕದಲ್ಲಿ.

ನಿಮ್ಮ ವಿಶ್ವಾಸಿಗಳು,
ಅಂಗಡಿಯ ಮೂವರು

ವಿ.ಸೂ.: ಬ್ಲೋವರ್ ಕರೆಂಟಿನಲ್ಲಿ ನಡೆಯುವ ಯಂತ್ರ. ಗಾಳಿಮಳೆಗೆ ಕರೆಂಟು ಹೋದ ದಿನ ಸ್ನಾನ ಇಲ್ಲ, ಬರೇ ಬಾಚಿ ಕಳುಹಿಸುತ್ತೇವೆ. ಮುಳ್ಳೇರಿಯ, ಪೆರ್ಲದಿಂದ ಬರುವವರು ಹೊರಡುವ ಮೊದಲು ಒಂದು ಫೋನ್ ಮಾಡಿ.