ತಪಸ್ಸು ಕಾಲದ ಶುಕ್ರವಾರ ಮತ್ತು ತೋಟದ ತೂಕ

ಮಾನ್ಯ ಸಂಪಾದಕರೇ,

ಈಸ್ಟರಿಗೆ ಮುನ್ನ ಉಪವಾಸ, ಪ್ರಾರ್ಥನೆಗಳಲ್ಲಿ ಕಳೆಯುವ ಕ್ರೈಸ್ತರ ತಪಸ್ಸು ಕಾಲ ಈ ವರ್ಷ, ಅಂದರೆ 2026ರಲ್ಲಿ, ಫೆಬ್ರವರಿ 18ರ ಬೂದಿ ಬುಧವಾರದಿಂದ ಆರಂಭವಾಗಿದೆ. ಏಪ್ರಿಲ್ 5ರ ಈಸ್ಟರ್ ಹಬ್ಬದವರೆಗೆ, ನಡುವಿನ ಭಾನುವಾರಗಳನ್ನು ಬಿಟ್ಟು ಎಣಿಸಿದರೆ, 40 ದಿನಗಳಾಗುತ್ತವೆ. ಕೊಡಗಿನಲ್ಲಿ ಇದನ್ನು ತಮಿಳರು ತವಕ್ಕಾಲಂ ಎಂದೂ ಮಲಯಾಳಿಗಳು ನೋಂಬು ಎಂದೂ ಕೊಂಕಣಿಯವರು ಕರೆಜ್ಮ್ ಎಂದೂ ಕರೆದರೂ ಹಣೆಗೆ ಹಚ್ಚುವ ಬೂದಿ ಎಲ್ಲರಿಗೂ ಒಂದೇ. ಹಿಂದಿನ ವರ್ಷ ಈಸ್ಟರಿಗೆ ಮೊದಲಿನ ಗರಿಗಳ ಭಾನುವಾರದಂದು ಮನೆಗೆ ಒಯ್ದ ಗರಿಗಳನ್ನು ಮರಳಿ ತಂದು ಸುಟ್ಟು ಮಾಡಿದ ಬೂದಿ ಅದು. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಸೇರುವವನು ಎಂದು ಗುರುಗಳು ಅದನ್ನು ಹಚ್ಚುವಾಗ ನೆನಪಿಸುತ್ತಾರೆ.

ಆದರೆ ಈ ಕಾಲ ಕೊಡಗಿನಲ್ಲಿ ಬರುವುದೇ ಯಾರಿಗೂ ಪುರುಸೊತ್ತಿಲ್ಲದ ದಿನಗಳಲ್ಲಿ. ರೊಬಸ್ಟಾ ಕೊಯ್ಲು ಇನ್ನೂ ಮುಗಿದಿರುವುದಿಲ್ಲ, ಕೊಯ್ದ ಕಾಫಿ ಕಣದಲ್ಲಿ ಹರಡಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಯನ್ನು ನಂಬಿ ಕೂರುವುದೋ ಸ್ಪ್ರಿಂಕ್ಲರ್ ಪೈಪು ಜೋಡಿಸುವುದೋ ಎಂಬ ಲೆಕ್ಕಾಚಾರ ತಲೆಯಲ್ಲಿ ಸುತ್ತುತ್ತಿರುತ್ತದೆ. ಮೊಗ್ಗು ಬಲಿಯುವ ಮುನ್ನ ನೀರು ಹಾಯಿಸಿದರೆ ಹೂ ಒಂದೇ ಸಮನೆ ಅರಳುವುದಿಲ್ಲವೆಂದು ತಿಳಿದು ಗಿಡವನ್ನು ಒಣಬಿಟ್ಟು ಕಾಯಬಲ್ಲ ನಾವು ಬೆಳೆಗಾರರು, ನಮ್ಮ ಮನಸ್ಸಿಗೆ ಮಾತ್ರ ಅಂಥ ಬಿಡುವನ್ನು ಕೊಡುವವರಲ್ಲ. ಮಾಂಸ ಬಿಡುತ್ತೇವೆ, ಸಂಜೆಯ ಮದ್ಯ ಬಿಡುತ್ತೇವೆ, ಕೆಲವರು ಬಿಟ್ಟದ್ದನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಸಾರುವುದೂ ಉಂಟು. (ಉಪವಾಸ ಮಾಡುವಾಗ ಮುಖ ತೊಳೆದುಕೊಂಡು, ಯಾರಿಗೂ ತಿಳಿಯದಂತೆ ಇರಬೇಕೆಂಬ ಯೇಸುವಿನ ಮಾತನ್ನು ಬೂದಿ ಬುಧವಾರದಂದೇ ಓದುತ್ತಾರೆ; ಕೇಳಿಸಿಕೊಂಡವರು ಎಷ್ಟು ಜನವೋ.) ಬಿಡುವುದಕ್ಕೆ ನಾವು ತೋರುವ ಆಸಕ್ತಿಯ ಕಾಲುಭಾಗವೂ ಸುಮ್ಮನೆ ಒಂದು ಗಳಿಗೆ ನಿಲ್ಲುವುದರಲ್ಲಿ ಇಲ್ಲವೆಂಬುದೇ ಈ ಪತ್ರ ಬರೆಯಲು ಕಾರಣ.

ಇದನ್ನು ಬೇರೆಯವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಎರಡು ವರ್ಷಗಳ ಹಿಂದೆ, ಬೂದಿ ಬುಧವಾರ ಕಳೆದು ಬಂದ ಮೊದಲ ಶುಕ್ರವಾರ, ಬೆಳಗಿನ ಪೂಜೆಯಲ್ಲಿ ಆ ದಿನಕ್ಕೆ ನಿಗದಿಯಾದ, ಬೈಬಲಿನ ಯೆಶಾಯ ಗ್ರಂಥದ 58ನೆಯ ಅಧ್ಯಾಯವನ್ನು ಓದಿದ್ದನ್ನು ಕೇಳಿಯೇ ನಾನು ತೋಟಕ್ಕೆ ಹೋಗಿದ್ದೆ. ಉಪವಾಸದ ದಿನವೂ ನಿಮ್ಮ ಲಾಭವನ್ನೇ ನೋಡುತ್ತೀರಿ, ನಿಮ್ಮ ಕೆಲಸದವರನ್ನು ಹಿಂಸಿಸುತ್ತೀರಿ ಎಂದು ಪ್ರವಾದಿ ಅಲ್ಲಿ ಜನರನ್ನು ಗದರಿಸುತ್ತಾನೆ. ಅದೇ ಸಂಜೆ ಕೂಲಿಯ ಲೆಕ್ಕಕ್ಕಾಗಿ ಕೊಯ್ದ ಹಣ್ಣಿನ ತೂಕ ನಡೆಯುವಾಗ, ಎಲೆ ಕಡ್ಡಿಯ ಲೆಕ್ಕವೆಂದು ಪ್ರತಿ ಚೀಲಕ್ಕೆ ಎರಡು ಕಿಲೋ ಕಳೆಯುವ ನನ್ನ ವಾಡಿಕೆಯನ್ನು ಒಬ್ಬ ಹೆಂಗಸು ಪ್ರಶ್ನಿಸಿದರು. “ಸಾಹುಕಾರ್ರೇ, ಇವತ್ತು ಎಲೆ ಎಲ್ಲಾ ಆರಿಸಿಯೇ ತಂದಿದ್ದೀನಿ, ಸುರಿದು ನೋಡಿ” ಎಂದರು. ಸುರಿದು ನೋಡಲು ನನಗೆ ಸಮಯವಿರಲಿಲ್ಲ. ಉಳಿದ ಚೀಲಗಳ ತೂಕವನ್ನು ತೋಟದ ಲೆಕ್ಕ ಬರೆಯುವ ರೈಟರಿಗೆ ಒಪ್ಪಿಸಿ, ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಶಿಲುಬೆ ಹಾದಿಯ ಪ್ರಾರ್ಥನೆಗೆಂದು ಜೀಪು ಹತ್ತಿದೆ.

ಶಿಲುಬೆ ಹಾದಿಯಲ್ಲಿ ನಿಂತು ಪ್ರಾರ್ಥಿಸುವ 14 ಸ್ಥಳಗಳಿವೆ. ಹನ್ನೊಂದನೆಯದಕ್ಕೆ ಬರುವಾಗ ಆ ಹೆಂಗಸು, ಕೊಯ್ಲಿನ ಅಂಗಿಯಲ್ಲೇ, ಕೈಗಂಟಿದ ಕಾಫಿಯ ಕಪ್ಪು ಕೂಡ ಹೋಗದೆ, ಹಿಂದಿನ ಬಾಗಿಲಿನಿಂದ ಬಂದು ಮೊಣಕಾಲೂರಿದರು. ಅವರು ನಮ್ಮ ಧರ್ಮಕೇಂದ್ರದವರೇ ಎಂಬುದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ. ಅವರು ತಡವಾಗಿ ಬಂದದ್ದು ನನ್ನ ತೂಕದ ಸಾಲಿನಿಂದ. ಉಳಿದ ಮೂರು ಸ್ಥಳಗಳಲ್ಲಿ ನಾನು ಯಾವ ಪ್ರಾರ್ಥನೆ ಹೇಳಿದೆನೋ ನೆನಪಿಲ್ಲ, ಎರಡು ಕಿಲೋ ಮಾತ್ರ ನೆನಪಿದೆ. ಮರುದಿನವೇ ಆ ವಾಡಿಕೆಯನ್ನು ನಿಲ್ಲಿಸಿದೆ. ಅವರ ಹಿಂದಿನ ಲೆಕ್ಕವನ್ನೂ ಕೊಟ್ಟೆ. ಅವರು ಅದನ್ನು ಎಣಿಸದೆ ಸೆರಗಿಗೆ ಕಟ್ಟಿಕೊಂಡರು.

ಬಿಡುವೆಂಬುದು ಒಬ್ಬೊಬ್ಬರ ಮನೋಬಲದಿಂದ ಸಿಗುವಂಥದ್ದಲ್ಲವೆಂದು ನನಗೆ ತೋರಿದ್ದು ಅಂದಿನಿಂದ. ನಮ್ಮ ಊರುಗಳಲ್ಲಿ ದೇವರ ಹಬ್ಬಕ್ಕೆ ಕಟ್ಟು ಬಿದ್ದರೆ ಪ್ರಾಣಿ ಕೊಲ್ಲುವುದನ್ನೂ ಮರ ಕಡಿಯುವುದನ್ನೂ ಇಡೀ ಊರೇ ನಿಲ್ಲಿಸುತ್ತದೆ. ಆಗ ನಿಲ್ಲುವುದು ಯಾರಿಗೂ ಕಷ್ಟವಲ್ಲ. ಈ ಬಾರಿ ರಂಜಾನ್ ಉಪವಾಸವೂ ಬೂದಿ ಬುಧವಾರದ ವಾರದಲ್ಲೇ ಆರಂಭವಾಗಿದ್ದು, ನಮ್ಮ ಪಕ್ಕದ ತೋಟದವರು ಉಪವಾಸ ಹಿಡಿದ ಕೆಲಸಗಾರರನ್ನು ಸಂಜೆ ಬೇಗ ಕಳುಹಿಸುತ್ತಿದ್ದಾರೆ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ಕ್ರೈಸ್ತ ಕೆಲಸಗಾರರಿಗೆ ಅಂಥ ಬಿಡುವನ್ನು ಕ್ರೈಸ್ತ ಬೆಳೆಗಾರರಾದ ನಾವೇ ಕೊಡದಿರುವುದು ನಾಚಿಕೆಯ ವಿಷಯ.

ಒಂದು ಬೇಡಿಕೆ ನಮ್ಮ ಗುರುಗಳಲ್ಲಿ. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಅರಸರು ಆಶ್ರಯ ಕೊಟ್ಟದ್ದರಿಂದ ವಿರಾಜಪೇಟೆಯಲ್ಲಿ ನಮ್ಮ ಕ್ರೈಸ್ತ ಸಮುದಾಯ ಬೇರೂರಿತು. ಹಾಗೆ ತೆರೆದ ಬಾಗಿಲಿನಿಂದ ಒಳಬಂದವರ ಮಕ್ಕಳಾದ ನಾವು ಹಲವು ಚಿಕ್ಕ ದೇವಾಲಯಗಳಿಗೆ ವಾರದ ದಿನಗಳಲ್ಲಿ ಬೀಗ ಹಾಕಿರುತ್ತೇವೆ. ಕಳ್ಳತನದ ಭಯ ಇದ್ದದ್ದೇ. ಆದರೂ ಈ ಕೆಲವು ವಾರಗಳಾದರೂ, ಮೈಕ್ ಇಲ್ಲದೆ, ಕಾರ್ಯಕ್ರಮವಿಲ್ಲದೆ, ಮಧ್ಯಾಹ್ನದಿಂದ ಸಂಜೆಯವರೆಗೆ ಬಾಗಿಲು ತೆರೆದಿಟ್ಟು ಸರದಿಯ ಮೇಲೆ ಒಬ್ಬೊಬ್ಬರು ಕಾವಲು ಕೂರಬಹುದು. ಕೂರುವವರಿಗೂ ಅದು ಧ್ಯಾನವೇ ಆದೀತು.

ಶಿಲುಬೆ ಹಾದಿಯನ್ನು ಕೆಲಸ ಬಿಡುವ ಹೊತ್ತಿನ ನಂತರ ಇಟ್ಟರೆ, ತೋಟದವರು ಶುಕ್ರವಾರದ ತೂಕವನ್ನು ಒಂದು ಗಂಟೆ ಮೊದಲೇ, ಕೂಲಿ ಕಡಿತವಿಲ್ಲದೆ ಮುಗಿಸಿದರೆ, ಲೈನ್‌ಮನೆಗಳ ಕೆಲಸಗಾರರು ಸ್ನಾನ ಮಾಡಿ ಬಟ್ಟೆ ಬದಲಿಸಿ ಮೊದಲ ಸ್ಥಳದಿಂದಲೇ ಪ್ರಾರ್ಥನೆಯಲ್ಲಿ ಇರಬಹುದು. ನಮ್ಮ ತೋಟದಲ್ಲಿ ತೂಕ ಈಗ ಶುಕ್ರವಾರ ಮೂರೂವರೆಗೆ ಶುರುವಾಗುತ್ತದೆ. ಮೊದಲ ವಾರ ರೈಟರು ಗೊಣಗಿದರು.

— ಸಣ್ಣ ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು, ಕೊಡಗು