ತಟ್ಟೆ ಎಣಿಸು, ಪುಟ್ಟಾ

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನಮ್ಮ ಮೊನ್ನೆ ಫೋನಿನಲ್ಲಿ ವಿಷಯ ಹೇಳಿದಳು. ಚರ್ಚಿನ ಮಕ್ಕಳ ಮೇ ತಿಂಗಳ ಕ್ಯಾಂಪಿಗೆ ಈ ಸಲ ನೀನೇ ಲೀಡರ್ ಅಂತೆ. 60 ಮಕ್ಕಳು, ಐದು ದಿನ, ಘಟ್ಟದ ಮೇಲೆ ಕಾಫಿ ತೋಟದಲ್ಲಿ. ಖುಷಿಯಾಯಿತು. ಸ್ವಲ್ಪ ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ನೀನು ವಾಟ್ಸಾಪಿನಲ್ಲಿ ಕಳಿಸಿದ ಕಾರ್ಯಕ್ರಮದ ಪಟ್ಟಿ ನೋಡಿದೆ. ಆರಾಧನೆ, ಸಂದೇಶ, ಟ್ರೆಕ್ಕಿಂಗ್, ಕ್ಯಾಂಪ್ ಫೈರ್, ಎಲ್ಲದರ ಮುಂದೆಯೂ ಒಬ್ಬೊಬ್ಬರ ಹೆಸರಿದೆ. ರಾತ್ರಿ ಮಕ್ಕಳು ಮಲಗುವ ಹಾಲ್‌ನಲ್ಲಿ ಯಾರಿರುತ್ತಾರೆ ಅನ್ನುವುದಕ್ಕೆ ಮಾತ್ರ ಹೆಸರಿಲ್ಲ. ಅದಕ್ಕೇ ಈ ಕಾಗದ.

ನಾನು ಚರ್ಚಿನಲ್ಲಿ ನಿಂತು ಪ್ರಸಂಗ ಮಾಡಿದವಳಲ್ಲ, ನಿನಗೆ ಗೊತ್ತು. 18 ವರ್ಷ ಕ್ಯಾಂಪಿನ ಅಡಿಗೆಮನೆ ನೋಡಿಕೊಂಡವಳು. ಒಲೆಯ ಹಿಂದೆ ನಿಂತು ನೋಡಿದರೆ ಲೀಡರುಗಳು ಬೇರೆ ಥರ ಕಾಣುತ್ತಾರೆ. ಆರಾಧನೆಯಲ್ಲಿ ಕಣ್ಣು ಮುಚ್ಚಿ ಹಾಡುವವನು ಊಟದ ಸಾಲಿನಲ್ಲಿ ಮಕ್ಕಳನ್ನು ಹಿಂದೆ ಹಾಕಿ ಮುಂದೆ ನಿಂತದ್ದನ್ನು ನೋಡಿದ್ದೇನೆ. ಪ್ರಾರ್ಥನೆಗೆ ಬಾಯೇ ಬಾರದ ಹುಡುಗಿಯೊಬ್ಬಳು ದಿನಾ ಕೊನೆಗೆ ಬಂದು, ಪಾತ್ರೆಯ ತಳದ ಗಂಜಿ ಹಾಕಿಸಿಕೊಂಡು ಹೋಗುತ್ತಿದ್ದದ್ದನ್ನೂ ನೋಡಿದ್ದೇನೆ.

ಒಂದು ವರ್ಷದ ಕಥೆ ಹೇಳುತ್ತೇನೆ. ನಮ್ಮಲ್ಲಿ ಸ್ಟೀಲ್ ತಟ್ಟೆಗಳ ಅಡಿಗೆ ನೈಲ್ ಪಾಲಿಶ್‌ನಲ್ಲಿ ನಂಬರ್ ಬರೆಯುತ್ತಿದ್ದೆವು. ಮಗುವಿಗೊಂದು ನಂಬರ್, ತೊಳೆದು ಇಡುವುದೂ ಅವರದೇ ಕೆಲಸ. ಮೂರನೇ ದಿನ ಮಧ್ಯಾಹ್ನ 41ನೇ ತಟ್ಟೆ ಸ್ಟ್ಯಾಂಡಿನಲ್ಲೇ ಉಳಿಯಿತು. ನಾನು ನೋಡಿದೆ. ಯಾರೋ ಹುಷಾರಿಲ್ಲದೆ ಮಲಗಿರಬೇಕು ಅಂದುಕೊಂಡು ಸುಮ್ಮನಾದೆ. ಆ ತಪ್ಪು ನನ್ನದು. ಸಂಜೆ ಟೀಗೆ ಕರೆದಾಗಲೂ ಆ ಹುಡುಗ ಬಂದಿರಲಿಲ್ಲ. ರಾತ್ರಿ ಊಟ ಬಡಿಸಿ ಮುಗಿದಾಗ 41 ಮತ್ತೆ ಅಲ್ಲೇ. ಓಡಿಹೋಗಿ ಹಾಲ್‌ಗೆ ಇಣುಕಿದರೆ, ಲೀಡರ್ ಮಕ್ಕಳಿಗೆ ಯೇಸು ಹೇಳಿದ ಕಳೆದುಹೋದ ಕುರಿಯ ಕಥೆ ಹೇಳುತ್ತಿದ್ದ! ಎಷ್ಟು ಚೆನ್ನಾಗಿ ಹೇಳುತ್ತಿದ್ದ ಗೊತ್ತಾ, ಮಕ್ಕಳು ಕಣ್ಣು ಮಿಟುಕಿಸದೆ ಕೂತಿದ್ದವು.

ಹುಡುಗ ಸಿಕ್ಕಿದ್ದು ಕಾಫಿ ಕಣದ ಆಚೆ, ಗೋದಾಮಿನ ಹಿಂದೆ. ಹತ್ತು ವರ್ಷದ ಮಗು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡಿದ್ದ. ಬೆಳಿಗ್ಗೆ ಎಲ್ಲರೂ ಟ್ರೆಕ್ಕಿಂಗ್ ಗಡಿಬಿಡಿಯಲ್ಲಿದ್ದಾಗ ಬೆಡ್‌ಶೀಟ್ ಎತ್ತಿಕೊಂಡು ಹೋಗಿ ತೊಟ್ಟಿಯಲ್ಲಿ ಒಗೆದು, ಒಣಗುವವರೆಗೆ ಕಾಯುತ್ತಾ ಕೂತವನು ಹೆದರಿ ಅಲ್ಲೇ ಉಳಿದುಬಿಟ್ಟಿದ್ದ. ಕಾಲಿಗೆ ಇಂಬಳ ಕಚ್ಚಿ ರಕ್ತ ಸುರಿದು ಒಣಗಿತ್ತು. ನನ್ನನ್ನು ಕಂಡ ಕೂಡಲೇ ಹೇಳಿದ್ದು ಒಂದೇ ಮಾತು. "ಆಂಟಿ, ಅಮ್ಮನಿಗೆ ಹೇಳಬೇಡಿ."

ಆ ಕಥೆ ಇರುವ ಬೈಬಲಿನ ಲೂಕ 15ನ್ನು ಎಷ್ಟು ಸಲ ಓದಿದ್ದೇವೆ ನಾವು. ಕುರುಬ 99 ಕುರಿ ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಅನ್ನುವುದರ ಮೇಲೇ ಎಲ್ಲರ ಪ್ರಸಂಗ. ನೂರರಲ್ಲಿ ಒಂದು ಇಲ್ಲ ಅಂತ ಅವನಿಗೆ ಗೊತ್ತಾದದ್ದು ಹೇಗೆ? ಎಣಿಸಿದ್ದರಿಂದ ತಾನೇ? ದಿನಾ ಸಂಜೆ, ಬೇಜಾರಾದರೂ, ಕಾಲು ನೋಯುತ್ತಿದ್ದರೂ ಎಣಿಸಿದ್ದರಿಂದ. ಲೀಡರಿನ ನಂಬಿಕೆ ಎಷ್ಟಿದೆ ಅಂತ ನಾನು ನೋಡುವುದು ಅಲ್ಲೇ, ಪುಟ್ಟಾ. ದೇವರು ಕಾಯುತ್ತಾನೆ ಅಂತ ನಂಬುವವನು ಎಣಿಸುವುದನ್ನು ಬಿಡುವುದಿಲ್ಲ.

ಆಮೇಲೆ ಏನಾಯಿತು ಅಂತಲೂ ಹೇಳಬೇಕು. ಪಾತ್ರೆಯ ತಳದ ಗಂಜಿ ತಿನ್ನುತ್ತಿದ್ದ ಹುಡುಗಿ ಅಂದೆನಲ್ಲ, ಅವಳೇ ಹೋಗಿ ಹುಡುಗರ ಹಾಲ್ ನೋಡಿಕೊಳ್ಳುತ್ತಿದ್ದ ಅಣ್ಣಂದಿರಿಬ್ಬರಿಗೆ ಗುಟ್ಟಾಗಿ ಹೇಳಿದಳು. ಉಳಿದ ಎರಡು ರಾತ್ರಿ ಒಂದೂವರೆಗೆ ಅಲಾರಂ ಇಟ್ಟು, ಆ ಮಗುವನ್ನೂ ಜೊತೆಗೆ ಇನ್ನೂ ನಾಲ್ಕೈದು ಮಕ್ಕಳನ್ನೂ ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋದರು. ಒಬ್ಬನನ್ನೇ ಎಬ್ಬಿಸಿದರೆ ಉಳಿದವರಿಗೆ ಗೊತ್ತಾಗುತ್ತದಲ್ವಾ, ಅದಕ್ಕೆ. ಯಾರಿಗೂ ಏನೂ ತಿಳಿಯಲಿಲ್ಲ. ಆ ಹುಡುಗ ಮುಂದಿನ ವರ್ಷವೂ ಕ್ಯಾಂಪಿಗೆ ಬಂದ.

ಅದಕ್ಕೇ ಹೇಳುವುದು, ಹುಡುಗರ ಹಾಲ್‌ಗೆ ಇಬ್ಬರು ದೊಡ್ಡವರು, ಹುಡುಗಿಯರ ಹಾಲ್‌ಗೆ ಇಬ್ಬರು. ಎಲ್ಲೂ ಒಬ್ಬರೇ ಬೇಡ. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರಬಾರದು, ಚರ್ಚಿನ ಅಯ್ಯನವರಾದರೂ ಸರಿ, ಪ್ರಾರ್ಥನೆಗಾದರೂ ಸರಿ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಮಗು ಬಂದು ಏನಾದರೂ ಕೆಟ್ಟದ್ದು ಹೇಳಿದರೆ ಸಭೆಯ ಮಾನ ಅಂತ ಮುಚ್ಚಿಡಬೇಡ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯಿದೆ ಪ್ರಕಾರ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಕಾಯಿದೆ ಇಲ್ಲದಿದ್ದರೂ ನಾವು ತಿಳಿಸಲೇಬೇಕಾದ ವಿಷಯ ಅದು.

60 ಮಕ್ಕಳನ್ನು ನೀನೊಬ್ಬನೇ ನೋಡಿಕೊಳ್ಳುತ್ತೇನೆ ಅಂತ ಹೊರಡಬೇಡ. ಬೈಬಲಿನ ವಿಮೋಚನಕಾಂಡ 18ರಲ್ಲಿ ಇಸ್ರಾಯೇಲರ ನಾಯಕ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ತಕರಾರು ಕೇಳುತ್ತಿದ್ದಾಗ, ನೀನೂ ಸುಸ್ತಾಗುತ್ತೀ, ಜನರೂ ಸುಸ್ತಾಗುತ್ತಾರೆ ಅಂತ ಹೇಳಿದ್ದು ಅವನ ಮಾವ ಇತ್ರೋ. ಹತ್ತತ್ತು ಜನಕ್ಕೆ ಒಬ್ಬೊಬ್ಬನನ್ನು ನೇಮಿಸು ಅಂದ. ಮನೆಯ ಹಿರಿಯರು ಬಂದು ಹೇಳುವವರೆಗೆ ಮೋಶೆಯಂಥವನಿಗೂ ಅದು ಹೊಳೆದಿರಲಿಲ್ಲ ನೋಡು! ಅಮೆರಿಕದಲ್ಲಿ 1885ರಲ್ಲಿ ಸಮ್ನರ್ ಡಡ್ಲಿ ಅನ್ನುವವರು ವೈಎಂಸಿಎ ಹುಡುಗರನ್ನು ಕೆರೆಯ ಪಕ್ಕ ಕ್ಯಾಂಪಿಗೆ ಕರೆದುಕೊಂಡು ಹೋದರಲ್ಲ, ಅವರ ಜೊತೆ ಇದ್ದದ್ದು ಏಳೇ ಹುಡುಗರು. ಅವರ ಹೆಸರಿನ ಕ್ಯಾಂಪ್ ಇವತ್ತಿಗೂ ನಡೆಯುತ್ತಿದೆ. ನಮಗೆ ಮಾತ್ರ ಸಂಖ್ಯೆ ಜಾಸ್ತಿ ಆದಷ್ಟೂ ಹೆಮ್ಮೆ.

ಇನ್ನು ಕಾಡಿನ ವಿಷಯ. ಮೇ ತಿಂಗಳಲ್ಲಿ ಘಟ್ಟದ ಮೇಲೆ ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಟ್ರೆಕ್ಕಿಂಗ್ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ವಾಪಸ್ ಬಂದುಬಿಡಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸು. 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಎಲ್ಲರೂ ಒಳಗೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಯಾರೂ ಹೊರಗೆ ಬರಬಾರದು. ಗುಡ್ಡದ ಬಯಲಿನಲ್ಲಿ ಒಂಟಿ ಮರದ ಕೆಳಗೆ ನಿಲ್ಲಿಸಿ ಪ್ರಾರ್ಥನೆ ಮಾಡಿಸುವುದು ನಂಬಿಕೆ ಅಲ್ಲ, ದಡ್ಡತನ.

ಹಳ್ಳದ ಹತ್ತಿರ ಇನ್ನೂ ಹುಷಾರು. ನೀವಿರುವ ಕಡೆ ಬಿಸಿಲಿದ್ದರೂ ಮೇಲೆ ಮಳೆ ಬಿದ್ದಿರುತ್ತದೆ. ತಿಳಿಯಾಗಿದ್ದ ನೀರು ಕೆಂಪಾದರೆ, ಒಣ ಎಲೆ, ಕಡ್ಡಿ ತೇಲಿ ಬರಲು ಶುರುವಾದರೆ, ನೀರಿನ ಸದ್ದು ಬದಲಾದರೆ, ಆಟ ಅರ್ಧಕ್ಕೆ ನಿಲ್ಲಿಸಿ ಮಕ್ಕಳನ್ನು ಮೇಲೆ ಹತ್ತಿಸು. ಚಪ್ಪಲಿ ಹೋದರೆ ಹೋಗಲಿ. ಹೊರಡುವ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಒಂದು ಮಾತು ಕೇಳು, ಸುತ್ತಮುತ್ತ ಮಂಗ ಸತ್ತಿದೆಯಾ ಅಂತ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ. ಉಣ್ಣೆ ಹುಳ ಕಚ್ಚುವುದರಿಂದ ಹರಡುತ್ತದೆ, ಅದರ ಕಾಲ ಮೇವರೆಗೂ ಇರುತ್ತದೆ. ಹೌದು ಅಂದರೆ ಕಾಡಿಗೆ ಹೋಗುವುದೇ ಬೇಡ, ಅಂಗಳದಲ್ಲೇ ಕಬಡ್ಡಿ ಆಡಿಸು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ. ಕಾಲು ಅಲುಗಿಸದ ಹಾಗೆ ಎತ್ತಿಕೊಂಡು ಸೀದಾ ಆಸ್ಪತ್ರೆಗೆ. ಜೀಪಿನ ಕೀ ಯಾರ ಹತ್ತಿರ ಇರುತ್ತದೆ ಅನ್ನುವುದು ಮೊದಲ ದಿನವೇ ಎಲ್ಲ ಲೀಡರಿಗೂ ಗೊತ್ತಿರಬೇಕು.

ಈಗ ನಿನಗೆ ಇಷ್ಟವಾಗದ ಮಾತು. ಕೊನೆಯ ರಾತ್ರಿಯ ಕ್ಯಾಂಪ್ ಫೈರ್. ನಾಲ್ಕು ದಿನ ನಿದ್ದೆ ಕೆಟ್ಟ ಮಕ್ಕಳು. ಸುತ್ತ ಕತ್ತಲೆ, ಎದುರಿಗೆ ಬೆಂಕಿ, ಮೆಲ್ಲಗೆ ಗಿಟಾರ್, ನಾಳೆ ಗೆಳೆಯರನ್ನು ಬಿಟ್ಟು ಹೋಗಬೇಕು ಅನ್ನುವ ಬೇಜಾರು ಬೇರೆ. ಆಗ ಎಂಥ ಮಗುವೂ ಅಳುತ್ತದೆ. ಅದೇ ಹೊತ್ತಿಗೆ ನರಕದ ಮಾತು ತೆಗೆದು, "ಯೇಸುವಿಗೆ ಜೀವನ ಒಪ್ಪಿಸುವವರು ಕೈ ಎತ್ತಿ" ಅಂದರೆ ಎತ್ತದೆ ಏನು ಮಾಡುತ್ತವೆ? ಒಂದು ವರ್ಷ ಹೀಗೆ ಕೈ ಎತ್ತಿದ ಹುಡುಗಿಯನ್ನು ಬೆಳಿಗ್ಗೆ ಈರುಳ್ಳಿ ಸುಲಿಯುತ್ತಾ ಕೇಳಿದೆ. "ಎಲ್ಲರೂ ಎತ್ತಿದರು ಆಂಟಿ, ನಾನೊಬ್ಬಳೇ ಬಿಟ್ಟರೆ ಅಕ್ಕನಿಗೆ ಬೇಜಾರಾಗುತ್ತಿತ್ತು" ಅಂದಳು. ವರದಿಯಲ್ಲಿ ಮಾತ್ರ ಅವಳನ್ನೂ ಸೇರಿಸಿ ಲೆಕ್ಕ ಬರೆದಿದ್ದರು. ತಟ್ಟೆ ಎಣಿಸದವರು ಕೈ ಎಣಿಸಿದ್ದರು.

ಯೋಹಾನನ ಸುವಾರ್ತೆಯಲ್ಲಿ ಎರಡು ಬೆಂಕಿ ಬರುತ್ತದೆ, ಗಮನಿಸಿದ್ದೀಯಾ? ಮೊದಲನೆಯದು ರಾತ್ರಿ, ಮಹಾಯಾಜಕನ ಅಂಗಳದಲ್ಲಿ. ಚಳಿ ಕಾಯಿಸುತ್ತಾ, ಸುತ್ತಲಿನವರಿಗೆ ಹೆದರಿ ಯೇಸುವಿನ ಶಿಷ್ಯನಾದ ಪೇತ್ರ, ನಾನು ಅವನ ಶಿಷ್ಯನೇ ಅಲ್ಲ ಅಂತ ಮನಸ್ಸಿನಲ್ಲಿ ಇಲ್ಲದ್ದನ್ನು ಹೇಳಿಬಿಟ್ಟ. ಎರಡನೆಯದು 21ನೇ ಅಧ್ಯಾಯದಲ್ಲಿ, ಬೆಳಗಿನ ಹೊತ್ತು, ಕೆರೆಯ ದಡದಲ್ಲಿ. ಯೇಸುವೇ ಕೆಂಡದ ಮೇಲೆ ಮೀನು ಇಟ್ಟು ಕಾಯುತ್ತಿದ್ದಾನೆ. ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ ಪೇತ್ರನನ್ನು ಕೇಳಿದ್ದು ಯಾವಾಗ? ಎಲ್ಲರ ಊಟ ಆದ ಮೇಲೆ. ರಾತ್ರಿಯೆಲ್ಲ ಬಲೆ ಹಾಕಿ ಸುಸ್ತಾದವರ ಹೊಟ್ಟೆಗೆ ಮೊದಲು ಬಿತ್ತು, ಪ್ರಶ್ನೆ ಆಮೇಲೆ. ಅಡಿಗೆಯವಳಾದ್ದರಿಂದ ನನಗೆ ಇದು ಬೇಗ ಕಣ್ಣಿಗೆ ಬಿತ್ತೋ ಏನೋ.

ಕ್ಯಾಂಪ್ ಫೈರ್‌ನಲ್ಲಿ ಹಾಡಿ, ನಾಟಕ ಮಾಡಿ, ಗೆಣಸು ಸುಟ್ಟುಕೊಂಡು ತಿನ್ನಿ. ದೊಡ್ಡ ಪ್ರಶ್ನೆಯನ್ನು ಬೆಳಿಗ್ಗೆ ತಿಂಡಿ ಆದ ಮೇಲೆ ಕೇಳು. ಯೋಚನೆ ಮಾಡಿ ಮನೆಗೆ ಹೋಗಿ ಹೇಳು ಅನ್ನು. ಸ್ಕೂಲಿನ ಗೆಳೆಯರ ಜೊತೆ ಬೇರೆ ಧರ್ಮದ ಮನೆಯ ಮಕ್ಕಳೂ ಬರುತ್ತಾರೆ. ಅಲ್ಲಿ ಬೈಬಲ್ ಓದುತ್ತೇವೆ, ಪ್ರಾರ್ಥನೆ ಮಾಡುತ್ತೇವೆ ಅಂತ ಅವರ ಅಪ್ಪ ಅಮ್ಮನಿಗೆ ಮೊದಲೇ ಬಾಯಿಬಿಟ್ಟು ಹೇಳು. ಬೇಸಿಗೆ ಶಿಬಿರ ಅಂತಷ್ಟೇ ಹೇಳಿ ಕರೆದುಕೊಂಡು ಹೋದರೆ ಅದು ಮೋಸ. ಮೋಸದಿಂದ ಶುರುವಾದ ಸಾಕ್ಷಿಯನ್ನು ಯಾರು ನಂಬುತ್ತಾರೆ?

ನಿನ್ನ ಬಗ್ಗೆಯೂ ಒಂದು ಮಾತು. ಮೂರನೇ ದಿನ ನಿನಗೇ ಪ್ರಾರ್ಥನೆ ಬಾರದ ಹಾಗಾಗುತ್ತದೆ. ಎಲ್ಲರ ಮೇಲೂ ರೇಗುತ್ತೀ. ದೇವರು ದೂರ ಹೋದ ಅಂದುಕೊಳ್ಳಬೇಡ, ನಿದ್ದೆ ಸಾಲದೆ ಹಾಗಾಗಿರುತ್ತದೆ. ಸಾಯಲಿ ನಾನು ಅಂತ ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ನೀನೂ ಮಧ್ಯಾಹ್ನ ಒಂದು ಗಂಟೆ ಮಲಗು, ಆ ಹೊತ್ತಿಗೆ ಎಣಿಸುವ ಕೆಲಸ ಇನ್ನೊಬ್ಬರಿಗೆ ಹೇಳಿ.

ನಿನ್ನಮ್ಮನ ಕೈಯಲ್ಲಿ ಹೊಗೆಸೊಪ್ಪಿನ ಪುಡಿ, ಸುಣ್ಣ ಕಳಿಸಿದ್ದೇನೆ, ಇಂಬಳಕ್ಕೆ. ಜೊತೆಗೆ ಒಂದು ಬಾಟಲಿ ಕೆಂಪು ನೈಲ್ ಪಾಲಿಶ್ ಇದೆ. ನೋಡಿ ನಗಬೇಡ. ತಟ್ಟೆಗೆ ಎರಡು ಕೋಟ್ ಹಚ್ಚು, ಬೂದಿ ಹಾಕಿ ತಿಕ್ಕಿದರೆ ಒಂದು ಕೋಟ್ ಎರಡೇ ದಿನಕ್ಕೆ ಹೋಗುತ್ತದೆ.

ಇಂತಿ,
ನಿನ್ನ ದೊಡ್ಡಮ್ಮ
ಮಂಗಳೂರು