ರೈಲಿನಲ್ಲಿ ಸಿಕ್ಕ ಆ ತಾಯಿಗೆ

ಹೋದ ತಿಂಗಳು ಬೀದರಿನಿಂದ ಕಲಬುರಗಿಗೆ ಹೊರಟ ರೈಲಿನಲ್ಲಿ, ಚರ್ಚಿನ ಭಾನುವಾರದ ಆರಾಧನೆಗೆಂದು ಮೆಲ್ಲಗೆ ಹಾಡಿಕೊಳ್ಳುತ್ತಿದ್ದೆ. ಎದುರು ಕುಳಿತಿದ್ದ ತಾವು, ‘ತಮ್ಮಾ, ಸೋತ್ರ ಅಲ್ಲ, ಸ್ತೋತ್ರ’ ಎಂದಿರಿ. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ!

ಹುಮನಾಬಾದ್ ದಾಟುವಷ್ಟರಲ್ಲಿ, ತಾವು ಹೇಳಿಕೊಟ್ಟಂತೆ, ನನ್ನ ಅಂಗೈ ನನ್ನ ಹೊಟ್ಟೆಯ ಮೇಲಿತ್ತು. ಉಸಿರೆಳೆದಾಗ ಭುಜ ಏಳಬಾರದು, ಹೊಟ್ಟೆ ಉಬ್ಬಬೇಕು. ಬಳಿಕ ‘ಸ್‌ಸ್’ ಎನ್ನುತ್ತ 20 ಎಣಿಸುವವರೆಗೆ ಉಸಿರನ್ನು ಸಣ್ಣಗೆ ಬಿಡಬೇಕು. ನನ್ನದು 9ಕ್ಕೇ ಮುಗಿಯಿತು. ‘ಕೃಪೆ’ಯಲ್ಲಿ ಪಕಾರವನ್ನು ತಟ್ಟಿ ಬಿಟ್ಟು ‘ಎ’ ಸ್ವರವನ್ನಷ್ಟೇ ಎಳೆಯಬೇಕು, ‘ಮಹಿಮೆ’ಯ ಹಕಾರ ನುಂಗಬಾರದು ಎಂದಿರಿ.

ಈಗ 17ರವರೆಗೆ ಬಂದಿದ್ದೇನೆ. ಮೊನ್ನೆ ಹಿಂದಿನ ಬೆಂಚಿನ ಕಿವಿಮಂದ ಅಜ್ಜ, ‘ಇವತ್ತು ಮಾತು ತಿಳಿದವು’ ಎಂದರು. ತಮ್ಮ ಹೆಸರು ಕೇಳುವುದನ್ನೇ ಮರೆತೆ. ವಂದನೆಗಳು, ಅಮ್ಮಾ.